ಮೆಚ್ಚಿಸುವ ಇಯರ್‌ಫೋನು, ಅಳೆಯುವ ಇಯರ್‌ಫೋನು

ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಇಯರ್‌ಫೋನು ಧರಿಸಿ ಹಾಡು ಕೇಳುತ್ತ ಕುಳಿತ ವಿದ್ಯಾರ್ಥಿಯನ್ನು ಕಾಣುವುದು ಈಗ ವಿಶೇಷವೇನಲ್ಲ. ಅವನು ಒಂದು ದಿನ ಹಾಲಕ್ಕಿ ಒಕ್ಕಲಿಗರ ಕೊಪ್ಪಕ್ಕೆ ಹೋಗಿ ಅವರ ಹಾಡುಗಳನ್ನು ಧ್ವನಿಮುದ್ರಿಸಲು ಹೊರಟನೆಂದು ಭಾವಿಸೋಣ. ಬಸ್ಸಿನಲ್ಲಿ ಹಾಡು ಕೇಳಿಸಿದ ಸಾಧನವೇ ಮುದ್ರಣವನ್ನು ಪರೀಕ್ಷಿಸಲೂ ಸಾಲದೆ? ಸಾಲದು ಎಂಬುದೇ ನನ್ನ ಅಭಿಪ್ರಾಯ.

ಸಾಮಾನ್ಯ ಬಳಕೆಯ ಇಯರ್‌ಫೋನಿನ ಉದ್ದೇಶ ಕೇಳುಗನನ್ನು ಮೆಚ್ಚಿಸುವುದು. ಬಸ್ಸಿನ ಎಂಜಿನ್ನಿನ ಗದ್ದಲ ಬಹುಪಾಲು ಮಂದ್ರಧ್ವನಿಗಳದು. ಅದು ಹಾಡಿನ ಮಂದ್ರವನ್ನು ನುಂಗಿಬಿಡುತ್ತದೆ. ಇಂತಹ ಅನೇಕ ಇಯರ್‌ಫೋನುಗಳಲ್ಲಿ 100 ಹರ್ಟ್ಸಿನ ಆಸುಪಾಸಿನ ಧ್ವನಿಗಳನ್ನು ತಯಾರಕರು ಬೇಕೆಂದೇ ಹೆಚ್ಚಿಸಿರುತ್ತಾರೆ. ಇದನ್ನು ಮೋಸವೆನ್ನಲಾಗದು, ರುಚಿಗಾಗಿ ಹಾಕಿದ ಒಗ್ಗರಣೆಯಷ್ಟೆ. ಆದರೆ ಧ್ವನಿಮುದ್ರಕನಿಗೆ ಒಗ್ಗರಣೆಯಿಲ್ಲದ ಧ್ವನಿ ಬೇಕು.

ಹಾಲಕ್ಕಿಗಳ ಗುಮಟೆಯನ್ನೇ ತೆಗೆದುಕೊಳ್ಳಿರಿ. ಮಣ್ಣಿನ ಪಾತ್ರೆಯ ಒಂದು ಬಾಯಿಗೆ ಚರ್ಮ ಬಿಗಿದ ಈ ವಾದ್ಯದ ನಾದಕ್ಕೆ ಪಾತ್ರೆಯೊಳಗಿನ ಗಾಳಿಯ ಕಂಪನ ಪುಷ್ಟಿ ಕೊಡುತ್ತದೆ. ಮಂದ್ರವನ್ನು ಹೆಚ್ಚಿಸುವ ಇಯರ್‌ಫೋನಿನಲ್ಲಿ ಆಲಿಸಿದವನಿಗೆ ಗುಮಟೆಯು ಹಾಡನ್ನು ಮುಚ್ಚುತ್ತಿರುವಂತೆ ತೋರುತ್ತದೆ. ಅವನು ಅದನ್ನು ತಗ್ಗಿಸುತ್ತಾನೆ. ಹಾಗೆ ತಗ್ಗಿದ್ದು ಸಾಧನದ ಉತ್ಪ್ರೇಕ್ಷೆಯಲ್ಲ, ಗುಮಟೆಯ ನಿಜವಾದ ನಾದ!

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಕಿವಿಯ ಕಾಲುವೆ ಸುಮಾರು 2.5 ಸೆಂಟಿಮೀಟರು ಉದ್ದದ ಕೊಳವೆ. 3,000 ಹರ್ಟ್ಸಿನ ಸುತ್ತಮುತ್ತಲ ಧ್ವನಿಗಳನ್ನು ಅದು ತಾನಾಗಿಯೇ ಬಲಪಡಿಸುತ್ತದೆ. ಇಯರ್‌ಫೋನು ಕಾಲುವೆಯನ್ನು ಮುಚ್ಚಿದೊಡನೆ ಈ ಸಹಜ ಅನುರಣನ ಮಾರ್ಪಡುತ್ತದೆ. ಆ ಕೊರತೆಯನ್ನು ಎಷ್ಟು ತುಂಬಬೇಕೋ ಅಷ್ಟೇ ತುಂಬುವುದು ಒಳ್ಳೆಯ ವೃತ್ತಿಪರ ಸಾಧನದ ಲಕ್ಷಣ.

ಕಿವಿಯಲ್ಲಿ ಅದು ಬಿಗಿಯಾಗಿ ಕೂರುವುದೂ ಮುಖ್ಯ. ಹಾಡುವವರು ಎದುರಿಗೇ ಇರುವಾಗ, ಸಡಿಲವಾದ ಇಯರ್‌ಫೋನಿನಲ್ಲಿ ಕೇಳುತ್ತಿರುವುದು ಅವರ ನೇರ ದನಿಯೋ ಮೈಕಿನಿಂದ ಬಂದದ್ದೋ ತಿಳಿಯದು. ಕಿವಿಯ ಅಚ್ಚು ತೆಗೆದು ಮಾಡಿಸಿದ ಸಾಧನ ಹೊರಗಿನ ಸದ್ದನ್ನು 20 ಡೆಸಿಬೆಲ್ಲಿಗೂ ಹೆಚ್ಚು ತಗ್ಗಿಸಬಲ್ಲದು. ಬ್ಲೂಟೂತ್ ಅಂತೂ ಈ ಕೆಲಸಕ್ಕೆ ಬೇಡ. ಧ್ವನಿ 100 ಮಿಲಿಸೆಕೆಂಡಿಗೂ ಮೀರಿ ತಡವಾಗುವುದುಂಟು. ಗುಮಟೆಯ ಮೇಲೆ ಕೈ ಬಿದ್ದು ಎದ್ದ ಮೇಲೆ ಪೆಟ್ಟು ಕೇಳಿಸುತ್ತದೆ.

ಇಷ್ಟು ನಿಷ್ಠುರವೇಕೆಂದು ಕೇಳುವವರಿಗೆ ಅಂಕೋಲೆಯ ಬಡಗೇರಿಯನ್ನು ನೆನಪಿಸುತ್ತೇನೆ. ಹಾಲಕ್ಕಿ ಹಾಡುಗಳ ಭಂಡಾರವನ್ನು ನೆನಪಿನಲ್ಲಿಟ್ಟುಕೊಂಡಿದ್ದ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು ಅಲ್ಲಿಯವರು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅಂತಹವರ ಹಾಡನ್ನು ಕೆಡಿಸಿ ಮುದ್ರಿಸಿದರೆ ಮತ್ತೊಮ್ಮೆ ಹಾಡಿಸಲು ಬಾರದು.

ಹಾಗೆಂದು ಪೆಟ್ಟಿಗೆಯ ಮೇಲೆ ‘ಪ್ರೊಫೆಷನಲ್’ ಎಂದು ಅಚ್ಚಾದುದನ್ನೆಲ್ಲ ನಂಬಿ ಹಣ ಸುರಿಯಬೇಕಾಗಿಲ್ಲ. ಆ ಮಾತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ವೇದಿಕೆಯ ಗಾಯಕರಿಗೆಂದು ಮಾಡಿದ ಕೆಲವು ಉತ್ತಮ ಸಾಧನಗಳಲ್ಲಿಯೂ ಮಂದ್ರ ಹೆಚ್ಚಾಗಿರುತ್ತದೆ. ಯಾವ ಕಂಪನಾಂಕಕ್ಕೆ ಎಷ್ಟು ಧ್ವನಿ ಎಂಬ ನಕ್ಷೆಯನ್ನು ಮೊದಲು ನೋಡಬೇಕು. ಬಸ್ಸಿನ ಪ್ರಯಾಣಕ್ಕೆ ಕೈಯಲ್ಲಿರುವುದೇ ಸಾಕು, ಧ್ವನಿ ಮಿತದಲ್ಲಿದ್ದರೆ. ಮುದ್ರಣಕ್ಕೆ ಹೋಗುವವರು ತಂತಿಯುಳ್ಳ ಒಳ್ಳೆಯದೊಂದನ್ನು, ಕಿವಿಯನ್ನೆಲ್ಲ ಮುಚ್ಚುವ ಹೆಡ್‌ಫೋನಾದರೂ ಸರಿ, ಕಾಲೇಜಿನಿಂದ ಕಡ ತರಲಿ. ಅದೂ ಸಿಗದಿದ್ದರೆ ಮೂಲ ಮುದ್ರಣವನ್ನು ಮುಟ್ಟದೆ ಕಾದಿರಿಸಿ, ತಿದ್ದುವುದನ್ನೆಲ್ಲ ಅದರ ಪ್ರತಿಯಲ್ಲಿ ಮಾಡಲಿ.