ಕೂಸಿನ ಬೆಳವಣಿಗೆಯೂ ಮನೆಮಾತೂ

ಕುರಕುಂಭದ ಕಾರಖಾನೆಗಳನ್ನು ನಂಬಿ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ನರ್ಸಿಂಗ್ ಓದುವ ಹೆಣ್ಣುಮಕ್ಕಳಿದ್ದರೆ, ಅವರ ಪುಸ್ತಕದಲ್ಲಿ ಶಿಶುವಿನ ಬೆಳವಣಿಗೆಯ ತತ್ತ್ವಗಳೆಂಬ ಪಾಠವೊಂದು ಇದ್ದೇ ಇರುತ್ತದೆ. ಅವರು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವುದುಂಟು. ಆದರೆ ಅದು ಮನೆಯ ಹಿರಿಯರಿಗೂ ಬೇಕಾದ ಪಾಠವೆಂದು ನಮಗೆ ತೋರುತ್ತದೆ.

ಮೊದಲನೆಯ ತತ್ತ್ವ ಸುಲಭವಾದುದು. ಬೆಳವಣಿಗೆಯು ತಲೆಯಿಂದ ಕಾಲಿನ ಕಡೆಗೂ, ನಡುಮೈಯಿಂದ ಬೆರಳ ತುದಿಯ ಕಡೆಗೂ ಸಾಗುತ್ತದೆ. ಕೂಸಿಗೆ ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಬೆನ್ನು ಗಟ್ಟಿಯಾಗುತ್ತದೆ, ಕಡೆಗೆ ಕಾಲಿಗೆ ಬಲ ಬರುತ್ತದೆ. ಮೊದಲು ಇಡೀ ತೋಳು ಬೀಸುವ ಕೂಸು ಬರಬರುತ್ತಾ ಎರಡೇ ಬೆರಳಿನಿಂದ ಚುರುಮುರಿಯ ಕಾಳನ್ನು ಎತ್ತುತ್ತದೆ.

ಎರಡನೆಯದು: ಕ್ರಮವು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ, ವೇಗ ಮಾತ್ರ ಬೇರೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವೂ ಸೇರಿದಂತೆ 5 ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆರೋಗ್ಯವಂತ ಮಕ್ಕಳು ತಾವಾಗಿ ನಡೆಯುವುದು ಸುಮಾರು 8 ತಿಂಗಳಿಂದ 17½ ತಿಂಗಳೊಳಗೆ. ಹಾಗಿರುವಲ್ಲಿ ಪಕ್ಕದ ಮನೆಯ ಕೂಸು ಹನ್ನೊಂದಕ್ಕೇ ನಡೆಯಿತೆಂದು ನಾವು ಕೊರಗುವುದೇಕೆ? ಅಮೆರಿಕದ ಬೇಲಿಯವರ ಅಳತೆಯನ್ನು ನಮ್ಮ ಮಕ್ಕಳಿಗೆ ಹಾಗೆಯೇ ಹಚ್ಚುವುದು ಸರಿಯಲ್ಲವೆಂದು ಬರೋಡಾದಲ್ಲಿ ಪ್ರಮಿಳಾ ಫಾಟಕ್ ಅವರು 30 ತಿಂಗಳವರೆಗಿನ ಭಾರತೀಯ ಶಿಶುಗಳಿಗಾಗಿ ಬೇರೆ ಅಳತೆಯನ್ನೇ ಸಿದ್ಧಗೊಳಿಸಿದರು. ಅದರಲ್ಲಿ ಚಲನೆಗೆ 67, ಬುದ್ಧಿಗೆ 163 ಅಂಶಗಳಿವೆ.

ಇನ್ನು ಸಿದ್ಧಾಂತಗಳು. 1896ರಲ್ಲಿಯೇ ಹುಟ್ಟಿದ ಇಬ್ಬರು ಇಲ್ಲಿ ಮುಖ್ಯರು. ಕೂಸು ವಸ್ತುಗಳನ್ನು ಹಿಡಿದು, ಬಿಸಾಡಿ, ಹುಡುಕಿ ತಾನೇ ಕಲಿಯುತ್ತದೆಂದರು ಸ್ವಿಟ್ಜರ್ಲೆಂಡಿನ ಪಿಯಾಜೆ. ಬಲ್ಲವರೊಡನೆ ಮಾತಾಡುತ್ತಾ, ಅವರ ಕೈಹಿಡಿದು ಕಲಿಯುತ್ತದೆಂದರು ರಷ್ಯದ ವೈಗೋಟ್‌ಸ್ಕಿ. ಪರನಾಡಿನಲ್ಲಿರುವ ನಮಗೆ ಈ ಎರಡನೆಯ ಮಾತು ಬಹಳ ಹತ್ತಿರದ್ದು.

ಏಕೆಂದರೆ ನಮ್ಮ ಕೂಸು ಮನೆಯಲ್ಲಿ ಕನ್ನಡ, ಓಣಿಯಲ್ಲಿಯೂ ಅಂಗನವಾಡಿಯಲ್ಲಿಯೂ ಮರಾಠಿ, ದೂರದರ್ಶನದಲ್ಲಿ ಹಿಂದಿ ಕೇಳುತ್ತದೆ. ಎರಡು ವರ್ಷದ್ದು “ಅಮ್ಮಾ, ಪಾಣಿ ಕೊಡು” ಎಂದರೆ ಮನೆಯವರು ಗಾಬರಿಯಾಗುತ್ತಾರೆ. “ಎರಡು ಭಾಷೆಯಿಂದಲೇ ಮಾತು ತಡವಾಯಿತು, ಕನ್ನಡ ಬಿಟ್ಟುಬಿಡಿ” ಎಂದು ಉಪದೇಶಿಸುವವರೂ ಇದ್ದಾರೆ. ಇದು ತಪ್ಪು ತಿಳುವಳಿಕೆ. ಎರಡು ಭಾಷೆ ಕೇಳುವುದರಿಂದ ಮಾತು ಕುಂಠಿತವಾಗುವುದಿಲ್ಲ; ಬೆರೆಸಿ ಆಡುವುದು ಕಲಿಕೆಯ ಸಹಜ ರೀತಿ. ಹಾಲು, ಬೆಕ್ಕು ಎಂಬವು ಕನ್ನಡದಲ್ಲಿ, ಪಾಣಿ, ಗಾಡಿ ಎಂಬವು ಮರಾಠಿಯಲ್ಲಿ ಬಂದರೆ ಅವು ಒಟ್ಟು ನಾಲ್ಕು ಮಾತುಗಳೇ. ಒಂದೇ ಭಾಷೆಯವನ್ನು ಎಣಿಸಿದರೆ ಕೂಸಿಗೆ ಅನ್ಯಾಯವಾಗುತ್ತದೆ.

ಕನ್ನಡ ಬಿಟ್ಟರೆ ಆಗುವುದೇನು? ಮರಾಠಿ ಚೆನ್ನಾಗಿ ಬಾರದ ತಾಯಿ ಮಾತು ಕಡಿಮೆ ಮಾಡುತ್ತಾಳೆ. ಅಜ್ಜಿಯಂತೂ ಕಥೆ ಹೇಳುವುದನ್ನೇ ನಿಲ್ಲಿಸುತ್ತಾಳೆ. ಕೂಸು ಕಲಿಯಬೇಕಾದ ಮಾತುಕತೆಯೇ ಮನೆಯಿಂದ ಹೊರಟುಹೋಗುತ್ತದೆ.

ಹಾಗೆಂದು ಎಲ್ಲವನ್ನೂ ಎರಡು ಭಾಷೆಯ ತಲೆಗೆ ಕಟ್ಟಿ ಸುಮ್ಮನಿರಬಾರದು. ವರ್ಷ ತುಂಬಿದರೂ ಬಾ ಬಾ, ಮಾ ಮಾ ಎಂಬ ತೊದಲಿಲ್ಲ, 16 ತಿಂಗಳಾದರೂ ಯಾವ ಭಾಷೆಯಲ್ಲಿಯೂ ಒಂದು ಮಾತಿಲ್ಲ, ಎರಡು ವರ್ಷಕ್ಕೂ ಎರಡು ಪದ ಜೋಡಿಸುವುದಿಲ್ಲ, ಅಥವಾ ಬಂದ ಮಾತೇ ನಿಂತಿತು ಎಂದಾದರೆ ಮಕ್ಕಳ ವೈದ್ಯರಲ್ಲಿ ತೋರಿಸಿ, ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಬೇಕು. ಊರಿಗೆ ಹೋಗುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೂ ಇದೆ.

ನರ್ಸಿಂಗ್ ಓದುವ ನಮ್ಮ ಹುಡುಗಿಯರಲ್ಲಿ ಒಂದು ಬಿನ್ನಹ. ನಾಳೆ ಯಾವುದೇ ಕೂಸಿನ ಕಾರ್ಡಿನಲ್ಲಿ ‘ಮಾತು ತಡ’ ಎಂದು ಬರೆಯುವ ಮುನ್ನ, ಮನೆಯಲ್ಲಿ ಯಾವ ಯಾವ ಭಾಷೆ ಆಡುತ್ತೀರಿ ಎಂದು ತಾಯಿಯನ್ನು ಕೇಳಿರಿ. ತಾಯಂದಿರೇ, ಹೆದರಿ ಮನೆಮಾತು ಬಿಡುವುದೂ ಬೇಡ, ತಾನಾಗಿಯೇ ಬರುತ್ತದೆಂದು ವರ್ಷಗಟ್ಟಲೆ ಕಾಯುವುದೂ ಬೇಡ.