ನಾಯಿಕೆಯ ನೀತಿ, ಗಂಡಸಿನ ನೀತಿ

ಸತ್ತಿಯ ಕಟ್ಟೆಯ ಮೇಲೆ ಮೊನ್ನೆ ಒಂದು ವಾದ ನಡೆಯಿತು. ಪತ್ತೇದಾರಿ ಕಾದಂಬರಿಯ ನಾಯಿಕೆಯರು ಗಂಡನಿಗೆ ವಿಷವಿಕ್ಕುವವರು, ಪರಪುರುಷನ ಬೆನ್ನು ಹತ್ತುವವರು. ಇಂಥ ಪುಸ್ತಕಗಳನ್ನು ವಾಚನಾಲಯದಲ್ಲಿ ಇಡಬಾರದೆಂದು ಹಿರಿಯ ವ್ಯಾಪಾರಿಯೊಬ್ಬರು ಹೇಳಿದರು. ಪಾಳಿ ಮುಗಿಸಿ ಬಂದ ಕಾಮಗಾರರಲ್ಲಿಯೂ ಕೆಲವರು ತಲೆದೂಗಿದರು.

ನಮ್ಮ ಅಭಿಪ್ರಾಯ ಬೇರೆ. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಕಲಿತ ಎನ್. ನರಸಿಂಹಯ್ಯನವರು ಐನೂರರಷ್ಟು ಕಾದಂಬರಿಗಳನ್ನು ಬರೆದು ಸಾಮಾನ್ಯ ಜನರಿಗೆ ಓದಿನ ರುಚಿ ಹಚ್ಚಿದರು. ಆ ಉಪಕಾರ ಸಣ್ಣದಲ್ಲ. ಇನ್ನು ನೀತಿಗೆಟ್ಟ ನಾಯಿಕೆಯೆಂದರೆ, ಅವಳು ಅಗ್ಗದ ಪುಸ್ತಕದಲ್ಲಿ ಹುಟ್ಟಿದವಳಲ್ಲ. 1209ರಲ್ಲಿ ಜನ್ನ ಕವಿ ಮುಗಿಸಿದ 'ಯಶೋಧರ ಚರಿತೆ'ಯನ್ನು ನೋಡಿರಿ. ರಾಣಿ ಅಮೃತಮತಿ ಆನೆಯ ಮಾವುತನ ಹಾಡಿಗೆ ಮನಸೋತಳು. ಕದ್ದು ಅವನಲ್ಲಿಗೆ ಹೋಗತೊಡಗಿದಳು. ಕೊನೆಗೆ ಗಂಡನಿಗೂ ಅತ್ತೆಗೂ ಊಟದಲ್ಲಿ ವಿಷವಿಟ್ಟು ಕೊಂದಳು. ಕೊಲೆ ಕೊಲೆಯೇ. ಅದನ್ನು ನಾವು ಸಮರ್ಥಿಸುವುದಿಲ್ಲ.

ಆದರೆ ಜನ್ನ ಅಲ್ಲಿಗೇ ನಿಲ್ಲಲಿಲ್ಲ. ಕೆಟ್ಟ ಕನಸಿನ ಶಾಂತಿಗೆಂದು ಅರಸನೂ ಅವನ ತಾಯಿಯೂ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟಿದ್ದರು. ಜೀವವಿಲ್ಲದ ಹಿಟ್ಟಾದರೇನು, ಕೊಲ್ಲುವ ಮನಸ್ಸು ಇತ್ತಲ್ಲ! ಅದಕ್ಕಾಗಿ ಅವರು ನವಿಲಾಗಿ, ನಾಯಿಯಾಗಿ ಜನ್ಮಜನ್ಮ ತಿರುಗಬೇಕಾಯಿತು. ಕೊಂದವಳಿಗೂ ಶಿಕ್ಷೆ, ಸತ್ತವರಿಗೂ ಲೆಕ್ಕ. ಇಂದಿನ ಅನೇಕ ಕಾದಂಬರಿಕಾರರು ನಾಯಿಕೆಯ ಕೈಗೆ ಬೇಡಿ ತೊಡಿಸಿ ಪುಸ್ತಕ ಮುಗಿಸುತ್ತಾರೆ. ಹಣದಾಸೆಗೆ ಅವಳನ್ನು ಮುದುಕನಿಗೆ ಕಟ್ಟಿದವರು ಯಾರೆಂದು ಅವರ ಪತ್ತೇದಾರ ಕೇಳುವುದಿಲ್ಲ. ನಮ್ಮ ತಕರಾರು ಇರುವುದು ಇಲ್ಲಿ.

ಜನ್ನನ ಮೇಲೂ ನಮ್ಮದೊಂದು ಆಕ್ಷೇಪವಿದೆ. ಮಾವುತನನ್ನು ಅವನು ಕುರೂಪಿಯನ್ನಾಗಿ ಮಾಡಿ ಅಷ್ಟಾವಂಕನೆಂದು ಕರೆದ. ದುಡಿಯುವವನು ಸೊಟ್ಟನಾಗಿಯೇ ಇರಬೇಕೇ? ಗಿರೀಶ ಕಾರ್ನಾಡರು ಇದೇ ಕಥೆಯನ್ನು 'ಹಿಟ್ಟಿನ ಹುಂಜ' ಎಂಬ ನಾಟಕವನ್ನಾಗಿ ಮಾಡಿ, ರಾಣಿಗೂ ತನ್ನ ಮಾತು ಹೇಳಲು ಎಡೆ ಕೊಟ್ಟರು. ಇದು ಒಳ್ಳೆಯ ಕೆಲಸ.

ಹಾಗೆಂದು ಮಾವುತ ಸಾಧುವಲ್ಲ. ತಡಮಾಡಿ ಬಂದಳೆಂದು ಅವನು ರಾಣಿಯನ್ನು ಹೊಡೆಯುತ್ತಾನೆ. ಅರಸನೆದುರು ತಲೆಯೆತ್ತಲಾರದವನು ಹೆಣ್ಣಿನ ಮೇಲೆ ಕೈಯೆತ್ತುತ್ತಾನೆ. ಬಂಧುಗಳೇ, ಇವನು ನಮಗೆ ಗುರುತಿಲ್ಲದವನೇ? ಗಿರಣಿಯಲ್ಲಿ ಮುಕಾದಮನ ಬೈಗುಳ ನುಂಗಿಕೊಂಡು, ಗಲ್ಲೆಯಲ್ಲಿ ಸಾಲಗಾರನ ಮಾತು ಸಹಿಸಿಕೊಂಡು, ಮನೆಗೆ ಬಂದು ಹೆಂಡತಿಯ ಮೇಲೆ ಸಿಟ್ಟು ತೀರಿಸಿಕೊಳ್ಳುವವರು ನಮ್ಮ ಸಭೆಗಳಲ್ಲಿಯೂ ಕುಳಿತಿರುತ್ತಾರೆ. ಮಾಲಕನ ಅನ್ಯಾಯದ ವಿರುದ್ಧ ಘೋಷಣೆ ಕೂಗಿದ ಬಾಯಿ ಮನೆಯಲ್ಲಿ ಮಾಲಕನ ಭಾಷೆ ಆಡಿದರೆ ಆ ಘೋಷಣೆಗೆ ಬೆಲೆಯೆಲ್ಲಿ? ಸಮತೆ ಹೊಸ್ತಿಲಿನ ಹೊರಗೆ ಬಿಟ್ಟುಬರುವ ಚಪ್ಪಲಿಯಲ್ಲ.

ಪುಸ್ತಕಗಳು ಕಪಾಟಿನಲ್ಲಿರಲಿ. ಓದಿರಿ, ಓದಿ ಪ್ರಶ್ನೆ ಕೇಳಿರಿ. ನಾಯಿಕೆಯ ನೀತಿ ತೂಗುವಾಗ ಇನ್ನೊಂದು ತಟ್ಟೆಯಲ್ಲಿ ಗಂಡಸಿನ ನೀತಿಯನ್ನೂ ಇಡಿರಿ. ಒಂದೇ ತಟ್ಟೆಯ ತಕ್ಕಡಿಯಲ್ಲಿ ತೂಕವಾಗದೆಂಬುದು ಅಂಗಡಿಕಾರರಿಗೆ ನಾವು ಹೇಳಿಕೊಡಬೇಕಾದ ಮಾತಲ್ಲ.