ಮಾತ್ರೆ ನುಂಗಿದರಷ್ಟೇ ಸಾಲದು

ಸೋದರಿಯರೇ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ತೂಕ ನೋಡದೆ ರೇಷ್ಮೆಗೂಡು ಕೊಡುವವರುಂಟೆ? ಚಿಂತಾಮಣಿಯಲ್ಲಿ ದರ ಕೇಳದೆ ಟೊಮೆಟೊ ಮಾರುವವರುಂಟೆ? ಬಿ.ಪಿ. ವಿಷಯದಲ್ಲಿ ಮಾತ್ರ ನಾವು ಲೆಕ್ಕ ಕೇಳುವುದಿಲ್ಲ. “ಅತ್ತೆಯವರು ಮಾತ್ರೆ ತಗೋತಾರಲ್ಲ, ಇನ್ನೇನು?” ಅಂದುಬಿಡುತ್ತೇವೆ. ಮಾತ್ರೆ ತೆಗೆದುಕೊಳ್ಳುವುದು ಬೇರೆ, ರಕ್ತದೊತ್ತಡ ಹತೋಟಿಯಲ್ಲಿರುವುದು ಬೇರೆ.

ಹತೋಟಿ ಎಂದರೆ ಸಾಮಾನ್ಯವಾಗಿ ಮೇಲಿನ ಅಂಕಿ 140ಕ್ಕಿಂತ, ಕೆಳಗಿನದು 90ಕ್ಕಿಂತ ಕಡಿಮೆ ಇರಬೇಕು. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಇನ್ನೂ ಕಡಿಮೆ ಹೇಳಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಐವರಲ್ಲಿ ಒಬ್ಬರಿಗೆ ಈ ತೊಂದರೆ ಇದೆ. ತಲೆನೋವಿಲ್ಲ, ತಲೆಸುತ್ತಿಲ್ಲ ಅಂತ ಸುಮ್ಮನಿರಬೇಡಿ. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಒಂದು ದಿನ ಲಕ್ವ ಹೊಡೆಸುವುದೂ ಹೃದಯ, ಮೂತ್ರಪಿಂಡ ಕೆಡಿಸುವುದೂ ಇದೇ.

ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲು ಕೊಡುವುದು ಅಮ್ಲೋಡಿಪಿನ್. ತಿಂಗಳ ನಂತರವೂ ಅಂಕಿ ಇಳಿಯದಿದ್ದರೆ ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ, ಇಲ್ಲವೇ ಟೆಲ್ಮಿಸಾರ್ಟಾನ್‌ನಂಥ ಎರಡನೆಯ ಔಷಧ ಸೇರಿಸುತ್ತಾರೆ. 2017ರಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮವೂ ಇಂಥ ಮೆಟ್ಟಿಲುಗಳನ್ನೇ ಹಾಕಿಕೊಟ್ಟಿದೆ. ಎರಡು ಮಾತ್ರೆ ಬರೆದರು, ಕಾಯಿಲೆ ಕೈಮೀರಿತು ಎಂದು ಹೆದರಬೇಡಿ. ಬಹಳ ಜನಕ್ಕೆ ಒಂದೇ ಮಾತ್ರೆ ಸಾಲದು. ಹೆದರಬೇಕಾದದ್ದು, ಅಂಕಿ 160 ಇದ್ದರೂ ವರ್ಷಾನುಗಟ್ಟಲೆ ಅದೇ ಹಳೇ ಚೀಟಿ ತೋರಿಸಿ ಅಂಗಡಿಯಿಂದ ಅದೇ ಮಾತ್ರೆ ತರುವುದಕ್ಕೆ.

ಅಮ್ಲೋಡಿಪಿನ್‌ನಿಂದ ಕೆಲವರಿಗೆ ಕಾಲು ಊದುತ್ತದೆ, ಎನಲಾಪ್ರಿಲ್‌ನಿಂದ ಒಣಕೆಮ್ಮು ಬರುತ್ತದೆ. ಹಾಗಾದರೆ ವೈದ್ಯರಿಗೆ ಹೇಳಿ, ಬದಲಾಯಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಅಟೆನೊಲಾಲ್‌ನಂಥದ್ದನ್ನು ಥಟ್ಟನೆ ಬಿಟ್ಟರೆ ಅಪಾಯ. ಪಕ್ಕದ ಮನೆಯಾಕೆಯ ಮಾತ್ರೆಯಂತೂ ಬೇಡವೇ ಬೇಡ. ಗರ್ಭಿಣಿಯರಿಗೆ ಟೆಲ್ಮಿಸಾರ್ಟಾನ್, ಎನಲಾಪ್ರಿಲ್ ಕೂಡದು, ಮಗುವಿಗೆ ಕೆಡುಕು. ಮಗು ಬೇಕೆಂದಿರುವ ಸೊಸೆಯರು ಮೊದಲೇ ವೈದ್ಯರಿಗೆ ತಿಳಿಸಲಿ.

ಇನ್ನು ಅಡುಗೆಮನೆ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಹೆಚ್ಚಾಗಬಾರದು. ಮುದ್ದೆಗೆ ಉಪ್ಸಾರು ಬಿಡಿ ಎನ್ನುವುದಿಲ್ಲ; ಉಪ್ಪು ತಗ್ಗಿಸಿ, ಬೆಳ್ಳುಳ್ಳಿ, ನಿಂಬೆಹುಳಿ ಮುಂದೆ ಮಾಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಹಬ್ಬಕ್ಕಿರಲಿ.

ಚಿಕ್ಕಬಳ್ಳಾಪುರವಾಗಲಿ ಗೌರಿಬಿದನೂರಾಗಲಿ, ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಯ ಹಾಳೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಒಂದೇ ಔಷಧಕ್ಕೆ ಬೇರೆ ಬೇರೆ ಕಂಪನಿಗಳು ಬೇರೆ ಹೆಸರಿಟ್ಟಿರುತ್ತವೆ, ಎರಡೆರಡು ಸಲ ನುಂಗುವ ಭಯವಿದೆ. ಅಲ್ಲಿ ಐದು ನಿಮಿಷ ಸುಮ್ಮನೆ ಕೂತು ದಣಿವಾರಿಸಿಕೊಂಡು ಬಿ.ಪಿ. ನೋಡಿಸಿ, ಅದಕ್ಕೆ ಅರ್ಧ ಗಂಟೆ ಮುಂಚೆ ಕಾಫಿ ಕುಡಿಯಬೇಡಿ. ಆಮೇಲೆ ಸಂಕೋಚಪಡದೆ ಎರಡು ಮಾತು ಕೇಳಿ: “ಎಷ್ಟಿದೆ ಡಾಕ್ಟ್ರೇ? ಎಷ್ಟಿರಬೇಕು?”

ಅವರು ಹೇಳಿದ ಅಂಕಿಯನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆದಿಡಿ. ಅತ್ತೆಯವರದು, ಯಜಮಾನರದು, ಮರೆಯದೆ ನಿಮ್ಮದೂ.